ಒಬ್ಬಳ ಕಾರ್ಡು, ಇನ್ನೊಬ್ಬಳ ಹೊಟ್ಟೆ

ಬಳಿಚಕ್ರದ ಲಾಲಮ್ಮ ಸರ್ಕಾರದಿಂದ ಪುಕ್ಕಟೆ ಬಂದ ಯಾವುದನ್ನೂ ಪರೀಕ್ಷೆ ಮಾಡದೆ ಮನೆಯೊಳಗೆ ಬಿಟ್ಟುಕೊಂಡವಳಲ್ಲ. ರೇಷನ್ ಅಕ್ಕಿಯಲ್ಲಿ ಪ್ಲಾಸ್ಟಿಕ್ ಬೆರೆಸಿದ್ದಾರೆ ಎಂಬ ಸುದ್ದಿ ಹಬ್ಬಿದಾಗ ಒಂದು ಹಿಡಿ ಅಕ್ಕಿಯನ್ನು ಒಲೆಗೆ ಹಾಕಿ, ಹೊಗೆಯ ವಾಸನೆ ನೋಡಿ, ಆಮೇಲೆ ಅನ್ನಕ್ಕೆ ಇಟ್ಟಳು. ಆಶಾ ಕಾರ್ಯಕರ್ತೆ ಕೊಟ್ಟ ರಕ್ತ ಹೆಚ್ಚಿಸುವ ಗುಳಿಗೆಯನ್ನು ಪುಡಿ ಮಾಡಿ ಮೊದಲು ಕೋಳಿಗೆ ತಿನ್ನಿಸಿದಳು. ಕೋಳಿ ಸಾಯಲಿಲ್ಲ, ಮರುದಿನ ತತ್ತಿಯನ್ನೂ ಇಟ್ಟಿತು. ಆದರೂ ಲಾಲಮ್ಮ ಗುಳಿಗೆ ನುಂಗಲಿಲ್ಲ.

“ಕೋಳಿ ತಿಂದು ಗಟ್ಟಿ ಆಗ್ಯಾದಂದ್ರ ಕೋಳಿಗೇ ಇರ್ಲಿ ಬಿಡವಾ. ನನಗ್ಯಾಕ?” ಎಂದು ಉಳಿದದ್ದನ್ನು ವಾಪಸು ಕೊಟ್ಟಳು.

ಪಟ್ಟಣದಲ್ಲಿ ಕುಳಿತು ಇದಕ್ಕೆ ಮೂಢತನ ಎನ್ನುವವರು ಬಹಳ. ಅವರ ಮನೆಯವರು ಕಾಯಿಲೆ ಬಿದ್ದರೆ ಯಾವ ಡಾಕ್ಟರು, ಏನು ಓದಿದ್ದಾನೆ, ಎಷ್ಟು ಜನರನ್ನು ಉಳಿಸಿದ್ದಾನೆ ಎಂದು ನಾಲ್ಕು ಕಡೆ ಫೋನು ಮಾಡಿ ವಿಚಾರಿಸಿಯೇ ಹೆಜ್ಜೆ ಎತ್ತುತ್ತಾರೆ. ಅದಕ್ಕೆ ಜಾಣತನ ಅನ್ನುತ್ತಾರೆ. ಲಾಲಮ್ಮನಿಗೆ ವಿಚಾರಿಸಲು ಕೋಳಿ ಬಿಟ್ಟು ಬೇರೆ ಯಾರೂ ಇರಲಿಲ್ಲ.

ಈ ಅನುಮಾನ ಎಲ್ಲಿಂದ ಶುರುವಾಯಿತು ಎಂದು ಕೇಳಿದರೆ ಆಕೆ ತನ್ನ ತವರೂರು ಕೊಂಕಲ್‌ನ ಜೀಪಿನ ಕತೆ ಹೇಳುತ್ತಾಳೆ. ಎಮರ್ಜೆನ್ಸಿ ಕಾಲ. ಗಂಡಸರನ್ನು ಜೀಪಿನಲ್ಲಿ ಎತ್ತಿಕೊಂಡು ಹೋಗಿ ಮಕ್ಕಳಾಗದ ಹಾಗೆ ಆಪರೇಷನ್ ಮಾಡಿ ಬಿಡುತ್ತಾರೆ ಎಂಬ ಸುದ್ದಿ ಹಳ್ಳಿ ಹಳ್ಳಿಗೂ ಮುಟ್ಟಿತ್ತು. ಒಂದು ಮಧ್ಯಾಹ್ನ ಜೀಪು ಬಂದೇ ಬಂತು. ಲಾಲಮ್ಮನ ಅಪ್ಪ ಹಿತ್ತಲಿನಿಂದ ಜಿಗಿದು ಜೋಳದ ಹೊಲದಲ್ಲಿ ಅಡಗಿ ಕುಳಿತ. ಬಂದವರು ಮಲೇರಿಯಾದವರು. ಬೆರಳು ಚುಚ್ಚಿ ಒಂದು ಹನಿ ರಕ್ತ ತೆಗೆದುಕೊಂಡು, ಗುಳಿಗೆ ಕೊಟ್ಟು ಹೋಗಲು ಬಂದಿದ್ದರು. ಅದೇ ವರ್ಷ ಅಪ್ಪ ನಡುಗುವ ಜ್ವರದಲ್ಲಿ ಮಲಗಿದ. ಎದ್ದನಾದರೂ ಮೊದಲಿನಂತೆ ದುಡಿಯುವ ಮೈ ಮತ್ತೆ ಬರಲಿಲ್ಲ. ಇದರಿಂದ ಮನೆಯವರು ಕಲಿತ ಪಾಠ ‘ಮುಂದೆ ಅಡಗಬಾರದು’ ಎಂಬುದಲ್ಲ. ರಕ್ತ ತೆಗೆಯುವ ಜೀಪು ಊರೊಳಗೆ ಕಾಲಿಟ್ಟದ್ದರಿಂದಲೇ ಜ್ವರ ಬಂತು ಎಂಬುದು.

ಬಳಿಚಕ್ರಕ್ಕೆ ಸೊಸೆಯಾಗಿ ಬಂದ ಮೇಲೆ ಆಕೆ ಕಂಡ ಸರ್ಕಾರಿ ದವಾಖಾನೆಯೆಂದರೆ ಒಂದು ಹೆಂಚಿನ ಕೋಣೆ, ಒಂದು ಕಪಾಟು, ಕಾಂಪೌಂಡರ್ ಅಮೀನುದ್ದೀನ. ಔಷಧಿ ಬೇಕಾದವರು ಬಾಟಲಿ ತಾವೇ ತರಬೇಕು. ಹೊಟ್ಟೆ ನೋವಿಗೂ ಕೆಂಪು ನೀರು, ಕೆಮ್ಮಿಗೂ ಕೆಂಪು ನೀರು. ಲಾಲಮ್ಮ ಬಾಟಲಿ ತುಂಬಿಸಿಕೊಂಡ ಕೂಡಲೆ ಮುಚ್ಚಳದಲ್ಲಿ ಬಗ್ಗಿಸಿ ಅಮೀನುದ್ದೀನನ ಮುಂದೆ ಹಿಡಿಯುತ್ತಿದ್ದಳು.

“ಮೊದಲ ನೀವು ಕುಡೀರಿ.”

ಆತ ಪಾಪದ ಮನುಷ್ಯ, ಕುಡಿಯುತ್ತಿದ್ದ. “ಲಾಲಮ್ಮಾ, ನಿನ್ನ ದಯಾದಿಂದ ನನಗ ಹೊಟ್ಟಿ ಉಬ್ಬರ ಅನ್ನೋದೇ ಇಲ್ಲ ನೋಡು,” ಅನ್ನುತ್ತಿದ್ದ.

ಡಾಕ್ಟರು ಇರಲಿಲ್ಲ. ಹುದ್ದೆ ಇತ್ತು, ಬೋರ್ಡು ಇತ್ತು, ಕುರ್ಚಿ ಇತ್ತು. ಮೊದಲ ಮಗಳು ಸುಮಂಗಲಾ ಹಸುಗೂಸಾಗಿದ್ದಾಗ ಹೊಟ್ಟೆ ಉಬ್ಬಿ ಕಿರುಚಿಕೊಳ್ಳತೊಡಗಿದಳು. ಎತ್ತಿಕೊಂಡು ಹೋದಳು, ಬೀಗ. ವಾಪಸು ಬಂದು ಓಣಿಯ ಶಿವಬಸಮ್ಮನನ್ನು ಕರೆಸಿದಳು. ಶಿವಬಸಮ್ಮ ಬಳೆಯ ಚೂರನ್ನು ಕೆಂಡದಲ್ಲಿ ಕಾಯಿಸಿ ಕೂಸಿನ ಹೊಟ್ಟೆಯ ಮೇಲೆ ಹೊಕ್ಕಳಿನ ಸುತ್ತ ಮೂರು ಕಡೆ ಬರೆ ಇಟ್ಟಳು. ನಮ್ಮ ಕಡೆ ಇದು ಹೊಸದಲ್ಲ. ನಮ್ಮ ವಯಸ್ಸಿನವರ ಅಂಗಿ ಎತ್ತಿಸಿದರೆ ಅರ್ಧ ಜನರ ಹೊಟ್ಟೆಯ ಮೇಲೆ ಇಂಥ ಕಲೆಗಳು ಸಿಗುತ್ತವೆ. ಕೂಸು ಬದುಕಿತು. ಬರೆಯಿಂದ ಬದುಕಿತೋ ಬರೆ ಇಟ್ಟರೂ ಬದುಕಿತೋ ಯಾರು ಬಲ್ಲರು. ಲಾಲಮ್ಮ ಶಿವಬಸಮ್ಮನನ್ನು ಮಾತ್ರ ಎಂದೂ ಅನುಮಾನಿಸಲಿಲ್ಲ. ಬೀಗ ಹಾಕದ ಮನೆ ಅದೊಂದೇ ಆಗಿತ್ತು.

ಡಾಕ್ಟರು ಬೇಕು ಎಂದು ಊರಿನ ನಾವು ಕೆಲವರು ಧರಣಿಗೆ ಜನ ಕೂಡಿಸಿದಾಗ ಲಾಲಮ್ಮ ಎರಡನೆಯ ಮಗಳು ಸಪ್ನಾಳನ್ನು ಸೊಂಟದ ಮೇಲೆ ಹೊತ್ತು ಬಂದು ಮುಂದಿನ ಸಾಲಿನಲ್ಲೇ ಕುಳಿತಳು. ಆಗ ನಮ್ಮನ್ನೂ ಆಕೆ ಪೂರ್ತಿ ನಂಬಿರಲಿಲ್ಲ. “ನೀವು ಮುಂದ ಇಲೆಕ್ಷನ್‌ಗಿ ನಿಲ್ಲೋರೇನು?” ಎಂದು ಕೇಳಿದ್ದಳು. ನಿಲ್ಲುವುದಿಲ್ಲ ಎಂದರೆ, “ಹಂಗಾದ್ರ ಇದರಾಗ ನಿಮಗೇನು ಲಾಭ?” ಎಂದಳು. ಅಧಿಕಾರಿಯೊಬ್ಬರು ಬಂದು ಭರವಸೆ ಕೊಡುತ್ತೇನೆ ಎಂದಾಗ ಎದ್ದು ನಿಂತು, “ಭರವಸಿ ನಮ್ಮ ಮನ್ಯಾಗ ಭಾಳ ಬಿದ್ದಾವ್ರಿ. ಡಾಕ್ಟರಿದ್ರ ಕಳಸ್ರಿ,” ಎಂದವಳು ಅವಳೇ. ಡಾಕ್ಟರು ಬಂದ, ಕೆಲ ತಿಂಗಳಿದ್ದ, ಮುಂದೆ ಓದಲು ಹೋದ. ಬೀಗ ಮತ್ತೆ ಬಿತ್ತು.

ಆಮೇಲೆ ಕಾರ್ಡುಗಳ ಕಾಲ ಬಂತು. ಮೊದಲು ಬಡವರೆಂದು ಗುರುತಿಸುವ ರೇಷನ್ ಕಾರ್ಡು. ದೊಡ್ಡ ರೋಗಕ್ಕೆ ಅದನ್ನು ತೋರಿಸಿದರೆ ದೊಡ್ಡ ಆಸ್ಪತ್ರೆಯಲ್ಲಿ ಪುಕ್ಕಟೆ ಅಂದರು. ಆಮೇಲೆ ಶಾಲೆಯ ಕೋಣೆಯಲ್ಲಿ ಸಾಲು ನಿಲ್ಲಿಸಿ ಹೆಬ್ಬೆಟ್ಟು, ಫೋಟೊ ತೆಗೆದು ಬಣ್ಣದ ಪ್ಲಾಸ್ಟಿಕ್ ಕಾರ್ಡು ಕೊಟ್ಟರು. ಅದನ್ನು ಹಿಡಿದು ನಮ್ಮ ಓಣಿಯಲ್ಲಿ ಯಾರೂ ಒಂದು ಗುಳಿಗೆ ತಂದದ್ದನ್ನು ನಾನು ಕಾಣೆ. ಈಗ ಆಯುಷ್ಮಾನ್ ಕಾರ್ಡು. ಈ ಕಾರ್ಡುಗಳಿಂದ ಬದುಕಿದವರಿದ್ದಾರೆ. ಹೃದಯದ ಆಪರೇಷನ್ ಮಾಡಿಸಿಕೊಂಡು ಬಂದು ಹತ್ತಿ ಬಿಡಿಸುತ್ತಿರುವವರನ್ನು ನಾನೇ ತೋರಿಸಬಲ್ಲೆ. ಆದರೂ ನನ್ನ ತಕರಾರು ಹೋಗಿಲ್ಲ. ನಾವು ಹತ್ತಿರಕ್ಕೊಬ್ಬ ಡಾಕ್ಟರನ್ನು ಕೇಳಿದ್ದೆವು. ಅವರು ದೂರದ ಆಸ್ಪತ್ರೆಗೆ ಹೋಗುವ ಕಾರ್ಡು ಕೊಟ್ಟರು. ಡಾಕ್ಟರನ್ನು ಕೊಟ್ಟರೆ ಊರಿಗೆಲ್ಲ ಕೊಟ್ಟ ಹಾಗೆ. ಕಾರ್ಡಿನಲ್ಲಿ ಮಾತ್ರ ಹೆಸರಿದ್ದವರು ಒಳಗೆ, ಇಲ್ಲದವರು ಹೊರಗೆ.

ಲಾಲಮ್ಮನ ಮನೆಯಲ್ಲಿ ಹೊರಗೆ ಬಿದ್ದವಳು ಸಪ್ನಾ.

ಅದು ಹೇಗೆಂದರೆ, ಹಿರಿಯಳು ಸುಮಂಗಲಾಳನ್ನು ಲಾಲಮ್ಮ ತನ್ನ ತಮ್ಮ ದೇವಿಂದ್ರನಿಗೇ ಕೊಟ್ಟಿದ್ದಳು. ಲಾಲಮ್ಮನ ಗಂಡ ಮರಿಲಿಂಗ ತೀರಿಕೊಂಡ ಮೇಲೆ ದೇವಿಂದ್ರ ಕೊಂಕಲ್ ಬಿಟ್ಟು ಅಕ್ಕನ ಮನೆಗೇ ಬಂದು ನಿಂತ. ಸೋದರಮಾವನೇ ಗಂಡ, ತಾಯಿ ಮನೆಯೇ ಗಂಡನ ಮನೆ. ಹಾಗಾಗಿ ಸುಮಂಗಲಾಳ ಹೆಸರು ತಾಯಿಯ ಕಾರ್ಡಿನಿಂದ ಕದಲಲಿಲ್ಲ. ಕಿರಿಯಳು ಸಪ್ನಾಳನ್ನು ಸುರಪುರ ತಾಲೂಕಿನ ಕಕ್ಕೇರಾಕ್ಕೆ ಕೊಟ್ಟರು. ಮದುವೆಯಾಯಿತೆಂದು ಇಲ್ಲಿಯ ಕಾರ್ಡಿನಿಂದ ಹೆಸರು ಕಡಿದರು. ಅಲ್ಲಿಯ ಕಾರ್ಡಿಗೆ ಸೇರಿಸಲು ಹೋದರೆ ಸೇರ್ಪಡೆ ಬಂದ್ ಇದೆ, ಶುರುವಾದಾಗ ಬನ್ನಿ ಅಂದರು. ಗಂಡನ ಮನೆಯಲ್ಲಿ ಆಕೆ ಅಡುಗೆ ಮಾಡುತ್ತಿದ್ದಳು, ಹೊಲಕ್ಕೆ ಹೋಗುತ್ತಿದ್ದಳು. ಸರ್ಕಾರದ ಲೆಕ್ಕದಲ್ಲಿ ಯಾವ ಮನೆಯಲ್ಲೂ ಇರಲಿಲ್ಲ.

ಕರೋನಾ ಕಳೆದ ಮೇಲೆ ಒಂದು ಪಂಚಮಿ ಹಬ್ಬಕ್ಕೆ ತವರಿಗೆ ಬಂದ ಸಪ್ನಾ ಹೊಟ್ಟೆ ಹಿಡಿದುಕೊಂಡು ಮಲಗಿದಳು. ಅಪೆಂಡಿಕ್ಸ್ ಅಂದರು, ಕೂಡಲೆ ತೆಗೆಯಬೇಕು ಅಂದರು. ಸರ್ಕಾರಿ ಆಸ್ಪತ್ರೆಯ ಸರ್ಜನ್ ರಜೆಯಲ್ಲಿದ್ದ ಕಾರಣ ಚೀಟಿ ಬರೆದು ಒಂದು ಖಾಸಗಿ ಆಸ್ಪತ್ರೆಗೆ ಕಳುಹಿಸಿದರು. ಅಲ್ಲಿ ಕಾರ್ಡಿನ ಮೇಜಿನವನ ಮೊದಲ ಮಾತೇ: “ಕಾರ್ಡ್ ಯಾರ ಹೆಸರಿಗದ?”

ಲಾಲಮ್ಮ ಸೆರಗಿನ ಗಂಟು ಬಿಚ್ಚಿ ಸುಮಂಗಲಾಳ ಕಾರ್ಡು ತೆಗೆದಳು. ದೇವಿಂದ್ರ ಹೌಹಾರಿದ.

“ಅಕ್ಕಾ, ಫೋಟೊ ನೋಡಿ ಹಿಡದ್ರ?”

“ಆಧಾರ್ ಫೋಟೊ ನೋಡಿ ನಿನ್ನ ಹೆಂಡ್ತಿನ್ನ ನೀನೇ ಹಿಡಿಯಾಂಗಿಲ್ಲ. ಗಪ್ ಕೂಡು.”

ಹೆಬ್ಬೆಟ್ಟು ಯಂತ್ರಕ್ಕೆ ಹತ್ತಲಿಲ್ಲ. ಹತ್ತಿ ಬಿಡಿಸುವ, ಕಳೆ ಕೀಳುವ ಬೆರಳುಗಳ ಗೆರೆ ಯಾವ ಯಂತ್ರಕ್ಕೂ ಸುಲಭಕ್ಕೆ ಹತ್ತುವುದಿಲ್ಲ ಎಂದು ಮೇಜಿನವನಿಗೂ ಗೊತ್ತು. ಆತ ಫೋನಿಗೆ ಬರುವ ನಂಬರು ಕೇಳಿದ. ನಂಬರು ದೇವಿಂದ್ರನ ಫೋನಿಗೆ ಬಂತು. ಹೀಗೆ ಸುಮಂಗಲಾಳ ಹೆಸರಿನಲ್ಲಿ ಸಪ್ನಾಳ ಆಪರೇಷನ್ ಆಯಿತು. ಹೊಟ್ಟೆ ಸೀಳಲಿಲ್ಲ, ಮೂರು ಸಣ್ಣ ತೂತು ಮಾಡಿ ದುರ್ಬೀನಿನಿಂದ ಒಳಗೆ ನೋಡುತ್ತ ತೆಗೆದರು. ಹುಡುಗಿ ಚೆನ್ನಾದಳು.

ಇದು ಮೋಸ. ನಾನು ಅದಕ್ಕೆ ಬೇರೆ ಹೆಸರು ಇಡುವುದಿಲ್ಲ. ಆದರೆ ಮೋಸ ಮಾಡದೆ ಮಗಳನ್ನು ಉಳಿಸಿಕೊಳ್ಳುವ ದಾರಿ ಯಾವುದಿತ್ತು ಎಂದು ಕೇಳಿದರೆ, ಆ ದಿನ ಆ ಮೇಜಿನ ಮುಂದೆ ಯಾರೂ ತೋರಿಸುತ್ತಿರಲಿಲ್ಲ.

ಮನೆಗೆ ಬಂದ ಮೇಲೆ ಲಾಲಮ್ಮನಿಗೆ ಹೊಸ ಚಿಂತೆ ಹತ್ತಿತು. ಆಪರೇಷನ್ ಖರೆ ಆಗಿದೆಯೋ ಇಲ್ಲವೋ ಎಂದು ಮನೆಗೆ ಬಂದು ತಪಾಸಣೆ ಮಾಡುತ್ತಾರಂತೆ, ಸಿಕ್ಕರೆ ಜೈಲಂತೆ, ಕಾರ್ಡು ರದ್ದಂತೆ ಎಂದು ಓಣಿಯಲ್ಲಿ ಯಾರೋ ಹೇಳಿದ್ದರು. ಆಕೆ ಸುಮಂಗಲಾಳನ್ನು ಎದುರಿಗೆ ಕೂರಿಸಿಕೊಂಡು ಪಾಠ ಮಾಡಿದಳು.

“ಇನ್ನ ಮ್ಯಾಲ ಆಪರೇಷನ್ ಆಗಿದ್ದು ನಿನಗ. ತಿಳೀತಿಲ್ಲೊ? ಯಾರರ ಬಂದು ತೋರಸಂದ್ರ ಶಿವಬಸಮ್ಮ ಇಟ್ಟ ಬರಿ ತೋರಸು. ಅವೂ ಮೂರೇ ಅವ, ಇವೂ ಮೂರೇ ಅವ.”

“ನನ್ನ ಹೊಟ್ಟಿ ಯಾರ್ ನೋಡಾಕ ಬರ್ತಾರ ಯವ್ವಾ?”

“ಸರ್ಕಾರ ಬರ್ತಾದ. ಅದಕ ನಾಚಿಕಿಲ್ಲ.”

ಸುಮಂಗಲಾ ನಕ್ಕಳು. ಆದರೆ ಪಾಠ ಕಲಿತಳು. ದೇವಿಂದ್ರನೂ ಕಲಿತ. ಯಾರೂ ತಪಾಸಣೆಗೆ ಬರಲಿಲ್ಲ. ಬರದಿದ್ದದ್ದೇ ಲಾಲಮ್ಮನಿಗೆ ಇನ್ನಷ್ಟು ಅನುಮಾನ: ಸದ್ದಿಲ್ಲದೆ ಕಾಯುತ್ತಿದ್ದಾರೆ.

ಹೋದ ವರ್ಷ ಹತ್ತಿ ಬಿಡಿಸುವ ಹೊತ್ತಿಗೆ ಸುಮಂಗಲಾಳಿಗೆ ಹೊಲದಲ್ಲೇ ಹೊಟ್ಟೆ ನೋವು ಕಾಣಿಸಿತು. ಮೊದಲು ಹೊಕ್ಕಳಿನ ಸುತ್ತ, ಆಮೇಲೆ ಬಲಗಡೆ ಕೆಳಗೆ. ವಾಂತಿ, ಜ್ವರ. ಆಟೊದಲ್ಲಿ ಹಾಕಿಕೊಂಡು ಸರ್ಕಾರಿ ಆಸ್ಪತ್ರೆಗೆ ಹೋದರು. ಯಾವ ಊರಿನದು ಎಂದು ಬರೆಯುವುದಿಲ್ಲ. ಬರೆದರೆ ಅಲ್ಲಿಯವರ ಮೇಲೆ ಗೂಬೆ ಕೂರಿಸಿದಂತಾಗುತ್ತದೆ, ಮತ್ತು ನಡೆದದ್ದರಲ್ಲಿ ಅವರ ಪಾಲು ಕಡಿಮೆ.

ನರ್ಸ್ ಫರ್ಹೀನ್ ಜ್ವರ ನೋಡಿ, ರಕ್ತದೊತ್ತಡ ನೋಡಿ, ಎಲ್ಲರನ್ನೂ ಕೇಳುವ ಹಾಗೆ ಕೇಳಿದಳು: “ಇದಕ್ಕ ಮೊದಲ ಏನರ ಆಪರೇಷನ್ ಆಗ್ಯಾದೇನ್ರಿ?”

ಲಾಲಮ್ಮನ ಕಿವಿ ನೆಟ್ಟಗಾಯಿತು. ಆಕೆಯ ಮಟ್ಟಿಗೆ ಇದು ರೋಗದ ವಿಚಾರಣೆ ಅಲ್ಲ, ಕಾರ್ಡಿನ ವಿಚಾರಣೆ. ಇಷ್ಟು ವರ್ಷ ಕಾದಿದ್ದು ಇವತ್ತು ಬಂತು. ಮಗಳು ಬಾಯಿ ತೆರೆಯುವ ಮೊದಲೇ ತಾನು ಉತ್ತರ ಕೊಟ್ಟಳು.

“ಆಗ್ಯಾದ್ರಿ. ಅಪೆಂಡಿಕ್ಸ್. ದುರ್ಬೀನ್‌ದು.”

ದೇವಿಂದ್ರ ಹಿಂದಿನಿಂದ, “ಹೌದ್ರಿ, ಆಗ್ಯಾದ,” ಎಂದ. ಸುಮಂಗಲಾ ನೋವಿನಲ್ಲೂ ತಲೆಯಾಡಿಸಿದಳು. ಮೂವರೂ ಒಂದೇ ಉಸಿರಿನಲ್ಲಿ ಒಂದೇ ಸುಳ್ಳು.

ಡಾಕ್ಟರು ಮೈಸೂರು ಕಡೆಯ ಯುವಕ. ಬಾಗಿಲ ಹೊರಗೆ ಸಾಲು ನಿಂತಿತ್ತು. ಸೀರೆ ಸರಿಸಿ ಹೊಟ್ಟೆ ನೋಡಿದ. ಹೊಕ್ಕಳಿನ ಸುತ್ತ ಮೂರು ಹಳೆಯ ಕಲೆ. ಹೇಳಿದ್ದಕ್ಕೂ ಕಂಡದ್ದಕ್ಕೂ ತಾಳೆ ಬಿತ್ತು. ತೂತಿನ ಕಲೆ ಹೇಗಿರುತ್ತದೆ, ಸುಟ್ಟ ಕಲೆ ಹೇಗಿರುತ್ತದೆ ಎಂದು ನಿಧಾನ ನೋಡಿದ್ದರೆ ಗೊತ್ತಾಗುತ್ತಿತ್ತೋ ಏನೋ. ನಿಧಾನ ನೋಡಲು ಆತನಿಗೆ ಯಾರೂ ಹೊತ್ತು ಕೊಟ್ಟಿರಲಿಲ್ಲ, ಅನುಮಾನ ಪಡಲು ಕಾರಣವನ್ನೂ ಕೊಟ್ಟಿರಲಿಲ್ಲ.

“ಅಪೆಂಡಿಕ್ಸ್ ತೆಗೆದಾಗಿದೆ ಅಂದ್ಮೇಲೆ ಅದಿರಲ್ಲಮ್ಮ. ಮೂತ್ರದ ದಾರೀಲಿ ಕಲ್ಲಿರಬಹುದು. ಇಂಜೆಕ್ಷನ್ ಕೊಡ್ತೀವಿ, ಸಲೈನ್ ಹಾಕ್ತೀವಿ. ನಾಳೆ ಸ್ಕ್ಯಾನ್ ಡಾಕ್ಟ್ರು ಬರ್ತಾರೆ,” ಎಂದ.

ಲಾಲಮ್ಮ ತಮ್ಮನ ಕಡೆ ನೋಡಿ ಹುಬ್ಬು ಹಾರಿಸಿದಳು. ಗೆದ್ದೆವು ಎಂಬ ಹಾಗೆ.

ಮರುದಿನ ಬೆಳಗ್ಗೆ ನೋವು ಒಮ್ಮೆಲೆ ಇಳಿಯಿತು ಎಂದು ಸುಮಂಗಲಾ ಹೇಳಿದಳು. ಲಾಲಮ್ಮ ಚಹಾ ಕುಡಿಸಲು ಹೋದಳು, ಫರ್ಹೀನ್ ತಡೆದಳು. “ಏನೂ ಕೊಡಬ್ಯಾಡ್ರಿ ಅಂದೀನಲ್ಲ.” ಲಾಲಮ್ಮನಿಗೆ ಅದೂ ಅನುಮಾನ: ಉಪವಾಸ ಕೆಡವಿ ದುರ್ಬಲ ಮಾಡಿ ಬೇರೆ ಕಡೆ ಸಾಗಿಸುವ ಹಂಚಿಕೆ. ಆದರೆ ಸ್ಕ್ಯಾನ್ ಡಾಕ್ಟರು ಇನ್ನೂ ಬಂದಿರಲಿಲ್ಲ, ಹೊತ್ತೇರಿದಂತೆ ಮಗಳ ಹೊಟ್ಟೆ ಬಿಗಿಯಾಗುತ್ತ ಬಂತು. ಕೈ ಇಟ್ಟರೆ ಹಲಗೆಯ ಮೇಲೆ ಇಟ್ಟ ಹಾಗೆ. ಮೈ ಕಾದ ಹಂಚು. ಮಾತು ತೊದಲತೊಡಗಿತು.

ಆ ಹೊತ್ತಿಗೆ ಸಪ್ನಾ ಬಂದಳು. ಸುದ್ದಿ ಕೇಳಿ ಕಕ್ಕೇರಾದಿಂದ ನಸುಕಿನ ಬಸ್ಸು ಹಿಡಿದು, ಶಹಾಪುರದಲ್ಲಿ ಬಸ್ಸು ಬದಲಿಸಿ ಬಂದಿದ್ದಳು. ಅಕ್ಕನ ಪಕ್ಕ ಕುಳಿತು ಎಲ್ಲಿ ಶುರುವಾಯಿತು, ಎಲ್ಲಿಗೆ ಬಂತು ಎಂದು ಕೇಳಿದಳು. ಆಮೇಲೆ ತಾಯಿಯನ್ನು ಪಡಸಾಲೆಗೆ ಎಳೆದುಕೊಂಡು ಹೋದಳು.

“ಯವ್ವಾ, ಇದು ನನಗ ಆಗಿತ್ತಲ್ಲ, ಅದೇ ಆದ. ಹಿಂಗೇ ಶುರು ಆಗಿತ್ತು. ನೀ ಡಾಕ್ಟರಿಗಿ ಏನ್ ಹೇಳಿದಿ?”

“ಏನ್ ಹೇಳಬೇಕಿತ್ತೊ ಅದನ್ನೇ ಹೇಳೀನಿ.”

“ಅಂದ್ರ?”

“ಅಪೆಂಡಿಕ್ಸ್ ಆಗ್ಯಾದ ಅಂದೀನಿ.”

ಸಪ್ನಾ ಹಣೆ ಬಡಿದುಕೊಂಡಳು. “ಯವ್ವಾ! ಆಕಿ ಹೊಟ್ಟ್ಯಾಗ ಆದ ಅದು! ಆಗ್ಯಾದ ಅಂದ್ರ ಅವರು ಹ್ಯಾಂಗ ತಗೀತಾರ?”

“ದನಿ ಇಳಸು. ಗೋಡಿಗೂ ಕ್ಯಾಮೆರಾ ಹಾಕ್ಯಾರ ಇಲ್ಲಿ.”

“ಕ್ಯಾಮೆರಾಕ್ಕ ಬೆಂಕಿ ಹಚ್ಚು. ನಾ ಹೋಗಿ ಹೇಳ್ತೀನಿ.”

ಲಾಲಮ್ಮ ಆಕೆಯ ರಟ್ಟೆ ಹಿಡಿದಳು. “ಹೇಳಿ ಎಲ್ಲಿ ಹೋಗ್ತಿ? ಜೇಲಿಗಾ? ನಿನ್ನ ಅತ್ತಿ ಮೊದಲೇ ನಿನ್ನ ಮ್ಯಾಲ ಹಲ್ಲು ಕಡೀತಾಳ. ಸುಳ್ಳ ಹೆಸರಲೆ ಹೊಟ್ಟಿ ಕೊಯ್ಸಿಕೊಂಡು ಬಂದಾಳಂತ ಗೊತ್ತಾದ್ರ ಒಳಗ ಕರಕೊಂತಾಳೇನು? ಕಾರ್ಡು ಹೋಗ್ತದ, ನೀನೂ ಹೋಗ್ತಿ. ಇವರು ಕಲ್ಲು ಅಂದಾರ. ಕಲ್ಲಾದ್ರ ಕರಗ್ತದ.”

“ಅಕ್ಕ ಸತ್ರ?”

ಲಾಲಮ್ಮ ಹಿಡಿದಿದ್ದ ರಟ್ಟೆ ಬಿಟ್ಟಳು.

ದೇವಿಂದ್ರ ಅಷ್ಟು ಹೊತ್ತೂ ಕಂಬಕ್ಕೆ ಒರಗಿ ನಿಂತಿದ್ದ. ಅಕ್ಕನಿಗೆ ಎದುರಾಡಿ ಗೊತ್ತಿಲ್ಲದ ಮನುಷ್ಯ. “ಅಕ್ಕಾ,” ಎಂದ, “ನನ್ನ ಹೆಂಡ್ತಿ ಆಕಿ.” ಅಷ್ಟೇ.

ಒಬ್ಬ ಮಗಳನ್ನು ಉಳಿಸಲು ಇನ್ನೊಬ್ಬ ಮಗಳನ್ನು ಸರ್ಕಾರದ ಕೈಗೆ ಕೊಡಬೇಕು. ಲಾಲಮ್ಮನ ಮುಂದೆ ಇದ್ದದ್ದು ಇದು. ಸರ್ಕಾರ ಕೈಗೆ ಸಿಕ್ಕವರನ್ನು ಬಿಡುತ್ತದೆ ಎಂಬುದನ್ನು ಆಕೆ ಜೀವಮಾನದಲ್ಲಿ ಕಂಡಿರಲಿಲ್ಲ. ಒಳಗಿನಿಂದ ಸುಮಂಗಲಾಳ ನರಳಿಕೆ ಕೇಳಿತು. ಗಟ್ಟಿ ನರಳಿದರೆ ಭಯವಿರುತ್ತಿರಲಿಲ್ಲ, ಅದು ತೀರ ಸಣ್ಣಗಿತ್ತು. ಲಾಲಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಡಾಕ್ಟರ ಕೋಣೆಗೆ ಹೊಕ್ಕಳು. ಆತ ಏನೋ ಬರೆಯುತ್ತಿದ್ದ.

“ಮೊದಲ ಪೆನ್ನ ಕೆಳಗಿಡ್ರಿ,” ಎಂದಳು.

“ಏನಮ್ಮ?”

“ಪೆನ್ನ ಇಡ್ರಿ. ನಾ ಹೇಳೂದು ಬರಕೊಳ್ಳೂದಲ್ಲ.”

ಆತ ಇಟ್ಟ.

“ಆಕಿಗಿ ಆಪರೇಷನ್ ಆಗಿಲ್ಲ.”

“ನೀವೇ ಹೇಳಿದ್ರಲ್ಲಮ್ಮ ನಿನ್ನೆ. ನಾನೇ ಕಲೆ ನೋಡಿದ್ದೀನಿ.”

“ಅದು ಸಣ್ಣಾಕಿದ್ದಾಗ ಬರಿ ಇಟ್ಟಿದ್ದು. ಹೊಟ್ಟಿ ಉಬ್ಬಿತ್ತಂತ.”

ಈಗ ಅನುಮಾನ ಪಡುವ ಸರದಿ ಡಾಕ್ಟರದು. ನಿನ್ನೆ ಹೌದು ಅಂದವಳು ಇವತ್ತು ಇಲ್ಲ ಅನ್ನುತ್ತಿದ್ದಾಳೆ. ರೋಗಿ ಕೈಮೀರುತ್ತಿರುವಾಗ ಮನೆಯವರು ಏನೇನೋ ಹೇಳುವುದನ್ನು ಆತ ನೋಡಿದ್ದ. “ನೋಡೀಮ್ಮ, ದೊಡ್ಡ ಆಸ್ಪತ್ರೆಗೆ ಕಳಿಸೋಕೆ ಬರೀತಿದ್ದೆ. ಸುಮ್ನೆ ಹೊಟ್ಟೆ ಸೀಳೋಕಾಗಲ್ಲ. ಯಾವುದು ನಿಜ ಹೇಳಿ. ಆಪರೇಷನ್ ಆಗಿಲ್ಲ ಅಂದ್ರೆ ಆಗಿದೆ ಅಂತ ಯಾಕೆ ಹೇಳಿದ್ರಿ? ಯಾರಿಗೆ ಆಗಿತ್ತು?”

“ಅದು ನಿಮಗ್ಯಾಕ ಬೇಕು?”

“ಹಾಗಾದ್ರೆ ನಾನು ನಿಮ್ಮನ್ನ ಹೇಗೆ ನಂಬಲಿ?”

ಈ ಪ್ರಶ್ನೆಯನ್ನು ಜೀವನವಿಡೀ ಬೇರೆಯವರಿಗೆ ಕೇಳಿದವಳು ಲಾಲಮ್ಮ. ಆಕೆಗೆ ಯಾರೂ ಕೇಳಿರಲಿಲ್ಲ. ಬಾಗಿಲ ಕಡೆ ತಿರುಗಿ ಕೂಗಿದಳು.

“ಏ ಸಪ್ನಾ, ಬಾ ಇಲ್ಲಿ. ಹೊಟ್ಟಿ ತೋರಸು ಇವರಿಗಿ.”

ಸಪ್ನಾ ಬಂದು ಸೀರೆ ಸರಿಸಿ ನಿಂತಳು. ಮೂರು ನುಣುಪು ಗೆರೆಗಳು. ಡಾಕ್ಟರು ಅದನ್ನು ನೋಡಿದ, ಹಿಂದೆಯೇ ನಿಂತಿದ್ದ ಫರ್ಹೀನಳನ್ನು ನೋಡಿದ, ಏನೂ ಕೇಳದೆ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. ವಾರ್ಡಿಗೆ ಹೋಗಿ ಸುಮಂಗಲಾಳ ಹೊಟ್ಟೆ ಒತ್ತಿದ. ಆಕೆ ಚೀರಿದಳು. ಅಲ್ಲಿಂದಲೇ ಸರ್ಜನ್‌ಗೆ ಫೋನು ಮಾಡಿದ.

ಒಳಗೆ ಒಡೆದಿತ್ತು. ಕೀವು ತುಂಬಿತ್ತು. ಈ ಸಲ ದುರ್ಬೀನು ಅಲ್ಲ, ಉದ್ದಕ್ಕೆ ಸೀಳಿದರು. ಮಧ್ಯಾಹ್ನ ಒಳಗೆ ಹೋದವಳು ಇಳಿಹೊತ್ತಿಗೆ ಹೊರಗೆ ಬಂದಳು. ಇನ್ನೂ ಅರ್ಧ ದಿನ ತಡವಾಗಿದ್ದರೆ ಆಕೆ ಉಳಿಯುತ್ತಿರಲಿಲ್ಲ ಎಂದು ಸರ್ಜನ್ ದೇವಿಂದ್ರನಿಗೆ ಹೇಳಿದರಂತೆ. ಅವರ ಮಾತು ಇಷ್ಟು ಮೃದುವಾಗಿರಲಿಲ್ಲ. “ಮೂರೂ ಜನ ಸೇರಿ ಸಾಯಿಸ್ತಿದ್ರಲ್ರೋ ಆಕಿನ್ನ,” ಎಂದು ಬೈದರು.

ಸುಮಂಗಲಾ ಬಹಳ ದಿನ ಮಲಗಿದಳು. ಹೊಟ್ಟೆಯ ಪಕ್ಕ ನಳಿಗೆ, ಅದಕ್ಕೊಂದು ಚೀಲ. ಮಾತು ಬಂದ ಮೇಲೆ ತಾಯಿಗೆ ಹೇಳಿದ ಮೊದಲ ಮಾತು ಪ್ರೀತಿಯದಲ್ಲ.

“ನೀ ಹೇಳು ಅಂದಿ, ನಾ ಹೇಳಿದೆ. ಸತ್ತಿದ್ರ ಏನ್ ಹೇಳ್ತಿದ್ದಿ?”

“ಸತ್ತಿಲ್ಲಲ್ಲ,” ಎಂದಳು ಲಾಲಮ್ಮ. ಆದರೆ ಆ ದಿನ ಆಕೆ ಮಗಳ ಪಕ್ಕ ಬಿಟ್ಟು ಕದಲಲಿಲ್ಲ. ಚೀಲ ತುಂಬಿದೆಯೇ ಎಂದು ಎತ್ತಿ ಎತ್ತಿ ನೋಡಿದಳು.

ನಡುವೆ ಕಾರ್ಡಿನ ಮೇಜಿನವರು ಬಂದು ಕಾರ್ಡು ಕೇಳಿದರು. ಲಾಲಮ್ಮ ತಯಾರಾಗಿದ್ದಳು. “ಇಲಿ ತಿಂದಾದ್ರಿ.”

“ಪ್ಲಾಸ್ಟಿಕ್ ಕಾರ್ಡ್ ಇಲಿ ತಿಂತಾದೇನಮ್ಮಾ?”

“ನಮ್ಮೂರ ಇಲಿ ತಿಂತಾವ. ಬೇಕಾದ್ರ ಬಂದು ನೋಡ್ರಿ.”

ಡಾಕ್ಟರು ಕೇಳಿಸಿಕೊಂಡು, ಇದು ಸರ್ಕಾರಿ ಆಸ್ಪತ್ರೆ, ಕಾರ್ಡು ಇದ್ದರೂ ಇಲ್ಲದಿದ್ದರೂ ಆಪರೇಷನ್ ಮಾಡುತ್ತೇವೆ, ಮಾಡಿಯೂ ಆಯಿತು ಎಂದ. ಲಾಲಮ್ಮ ಅದನ್ನು ಉಪಕಾರವೆಂದು ತೆಗೆದುಕೊಳ್ಳಲಿಲ್ಲ.

“ಹಂಗಾದ್ರ ಕಾರ್ಡು ಯಾಕ ಮಾಡಿಸಿದ್ರಿ?”

ನಾನೂ ಆ ಪ್ರಶ್ನೆಯನ್ನು ಅನೇಕ ಸಭೆಗಳಲ್ಲಿ ಕೇಳಿದ್ದೇನೆ. ಸಿಕ್ಕ ಉತ್ತರಗಳಲ್ಲಿ ಒಂದೂ ಲಾಲಮ್ಮನಿಗೆ ಹೇಳುವ ಹಾಗಿಲ್ಲ.

ಮನೆಗೆ ಬಿಡುವ ದಿನ ಆತ ಸಪ್ನಾಳನ್ನು ಹೊರಗೆ ಕರೆದು ಹೇಳಿದ. ಕಾರ್ಡಿನ ಲೆಕ್ಕ ಹಾಳಾಗಲಿ, ಅದು ತನ್ನ ಕೆಲಸವಲ್ಲ. ಆದರೆ ಮುಂದೆ ಎಲ್ಲಿ ಹೋದರೂ ಹೊಟ್ಟೆಯಲ್ಲಿ ಏನಾಗಿದೆ ಎಂಬುದನ್ನು ತಪ್ಪಿಲ್ಲದೆ ಹೇಳಬೇಕು. “ಇಲ್ಲಾಂದ್ರೆ ನಿಮ್ಮಕ್ಕಂಗೆ ಆದಂಗೆ ನಿಮಗೂ ಉಲ್ಟಾ ಆಗುತ್ತೆ,” ಎಂದ. ಸರ್ಕಾರದ ಕಂಪ್ಯೂಟರಿನಲ್ಲಿ ಸಪ್ನಾಳ ಅಪೆಂಡಿಕ್ಸ್ ಇನ್ನೂ ಹೊಟ್ಟೆಯಲ್ಲೇ ಇದೆ. ಇಲ್ಲದ್ದನ್ನು ಹುಡುಕಿ ಯಾರಾದರೂ ಸೀಳಿದರೆ ಕೇಳುವವರಿಲ್ಲ.

ಪೊಲೀಸರು ಬರಲಿಲ್ಲ. ಲಾಲಮ್ಮ ವಾರಗಟ್ಟಲೆ ದಾರಿ ನೋಡಿದಳು. ಓಣಿಗೆ ಯಾವ ಜೀಪು ಬಂದರೂ ಬಾಗಿಲು ಮುಂದೆ ಮಾಡಿಕೊಂಡು ಸಂದಿಯಿಂದ ಇಣುಕಿದಳು. ಡಾಕ್ಟರು ಒಳ್ಳೆಯವನು ಎಂದು ಯಾರಾದರೂ ಅಂದರೆ, “ಒಳ್ಳ್ಯಾವನೇ ಇರಬೇಕು. ಯಾಕ ಒಳ್ಳ್ಯಾವ ಅದಾನೊ ಅದು ಮಾತ್ರ ತಿಳೀವಲ್ದು,” ಎನ್ನುತ್ತಿದ್ದಳು.

ಈ ಬೇಸಿಗೆಯಲ್ಲಿ ಕಾರ್ಡಿಗೆ ಹೆಸರು ಸೇರಿಸಲು ಶುರು ಮಾಡಿದ್ದಾರೆ ಎಂಬ ಸುದ್ದಿ ಬಂತು. ಲಾಲಮ್ಮ ತಾನೇ ಕಕ್ಕೇರಾಕ್ಕೆ ಹೋಗಿ, ಸಪ್ನಾಳ ಅತ್ತೆಯ ಎದುರು ಕುಳಿತು, ಆಪರೇಷನ್ ಸಂಗತಿ ಒಂದನ್ನು ಬಿಟ್ಟು ಉಳಿದ ಊರ ಸುದ್ದಿಯನ್ನೆಲ್ಲ ಮಾತಾಡಿ, ಮಗಳನ್ನು ಕರೆದುಕೊಂಡು ಸುರಪುರಕ್ಕೆ ಬಂದಳು. ಸಾಲು ಉದ್ದಕ್ಕಿತ್ತು. ಬಿಸಿಲು ನೆತ್ತಿಗೆ ಬಂದಾಗ ಇವರ ಸರದಿ. ಕಂಪ್ಯೂಟರಿನ ಮುಂದೆ ಕುಳಿತವನು ತಲೆ ಎತ್ತದೆ ಯಂತ್ರ ಮುಂದಕ್ಕೆ ತಳ್ಳಿದ.

“ಹೆಬ್ಬಟ್ಟ ಇಡ್ರಿ.”

ಸಪ್ನಾ ಇಟ್ಟಳು. ಕೆಂಪು ದೀಪ. ಒರೆಸಿ ಮತ್ತೆ ಇಟ್ಟಳು. ಮತ್ತೆ ಕೆಂಪು.

“ಹತ್ತವಲ್ದು. ಬ್ಯಾರೆ ಬಟ್ಟ ಇಡ್ರಿ, ಇಲ್ಲಂದ್ರ ಹಿಂದಿನೋರ್ನ ಬಿಡ್ರಿ.”

ಹಿಂದಿನವರು ಗೊಣಗಿದರು. ಲಾಲಮ್ಮನಿಗೆ ತಾಳ್ಮೆ ತಪ್ಪಿತು. ಮಗಳ ಹೆಗಲ ಮೇಲಿನಿಂದ ತನ್ನ ಕೈ ಚಾಚಿ, ತನ್ನ ಹೆಬ್ಬೆಟ್ಟನ್ನೇ ಯಂತ್ರದ ಮೇಲೆ ಒತ್ತಲು ಹೋದಳು.

ಸಪ್ನಾ ಆ ಕೈಯನ್ನು ಪಟ್ಟನೆ ಹೊಡೆದು ತಳ್ಳಿದಳು.

“ಕೈ ತಗಿ ಯವ್ವಾ. ಇದು ನನ್ನ ಹೆಸರು.”

ಬೆರಳನ್ನು ಬಾಯಲ್ಲಿ ಹಾಕಿ ತೇವ ಮಾಡಿ, ಸೆರಗಿಗೆ ತಿಕ್ಕಿ, ಮತ್ತೆ ಇಟ್ಟಳು.